ನಾಲೆ ಏರಿಯ ಹಾಜರಿ

ಸೋಸಲೆ. ಅಮಾವಾಸ್ಯೆಗೆ ಎರಡು ದಿನ ಬಾಕಿ.
ಎರಡು ಗಳು, ನಡುವೆ ನಮ್ಮಪ್ಪನ ಹಳೇ ಪಂಚೆ,
ಮುಂದೆ ಲೂರ್ದುಸ್ವಾಮಿ ಅಂಗಡಿಯ ಪಾದರಸದ ಬಲ್ಬು.
ಬೆಳಕು ಒಮ್ಮೆಗೇ ಬರುವುದಿಲ್ಲ ಅದರಲ್ಲಿ,
ಮೊದಲು ನೇರಳೆ, ಆಮೇಲೆ ಹಾಲು,
ಆಮೇಲೆ ನಾವು ಐದು ಜನ
ಒಬ್ಬರಿಗೊಬ್ಬರು ಕಾಣುತ್ತೇವೆ.

ರಿಜಿಸ್ಟರು ನನ್ನ ಕೈಲಿ.
ತಾರೀಕು, ಗಾಳಿ, ಮೋಡ, ಹೊತ್ತು.
ಎಂಟು ಹತ್ತಕ್ಕೆ ಮೊದಲನೆಯದು ಬಂತು,
ಉಗುರಿನಷ್ಟು, ಬೂದಿ ಬಣ್ಣ,
ಕೂತಮೇಲೆ ಕದಲಲಿಲ್ಲ,
ಸಾಲ ಕೇಳಲು ಬಂದ ನೆಂಟನ ಹಾಗೆ.

ಪುಸ್ತಕದಲ್ಲಿ ಇದಕ್ಕೆ ನಾಲಿಗೆ ಹೊರಳದ ಹೆಸರಿದೆ.
ಕನ್ನಡದ ಕಾಲಮ್ಮು ಖಾಲಿ.
ಚಿಕ್ಕತಾಯಮ್ಮ ಕನ್ನಡಕ ಒರೆಸಿ ನೋಡುತ್ತಾರೆ:
“ಬರ್ಕೊ, ರಾಗಿಹೊಟ್ಟು.”
ಬರೆದುಕೊಳ್ಳುತ್ತೇನೆ.
ಸುಟ್ಟಹಪ್ಪಳ. ಓರಗಿತ್ತಿಕಣ್ಣು. ಹಳೇ ನಾಲ್ಕಾಣೆ.
ಜಬೀನಾ ಪಿಯುಸಿ ಪರೀಕ್ಷೆ ಮುಗಿಸಿ ಬಂದಿದ್ದಾಳೆ,
ಉಸಿರು ಹಿಡಿದು ಒಂದೊಂದರ ಫೋಟೊ.
ಓರಗಿತ್ತಿಕಣ್ಣು ಇವತ್ತು ಹನ್ನೊಂದು.
ಹೋದ ವರ್ಷ ಇದೇ ತಿಂಗಳು ನಲವತ್ತು.

ಯಾಕೆಂದು ಗೊತ್ತು.
ಏರಿಯ ಕಳೆಗೆ ಪಂಚಾಯ್ತಿಯವರು ಔಷಧಿ ಹೊಡೆಸಿದ್ದರು.
ಔಷಧಿ ಅಂತಲೇ ಕರೆಯುತ್ತೇವೆ ಅದನ್ನ.
ಅರ್ಜಿ ಕೊಟ್ಟೆವು. ಸೆಕ್ರೆಟರಿ ನಕ್ಕರು: “ಹುಳಕ್ಕಾ?”
ಅರ್ಜಿಯಿಂದ ಆಗದ್ದು ಸೀರೆಯಿಂದ ಆಯ್ತು:
ಹುಳ ಮೇಯುವ ಗಿಡಗಳಿಗೆಲ್ಲ, ಬರೀ ಗುರುತಿಗೆಂದು,
ಚಿಕ್ಕತಾಯಮ್ಮ ಕೆಂಪು ಸೀರೆಯ ಚೂರು ಕಟ್ಟಿದರು.
ವಾರದೊಳಗೆ ಯಾರೋ ಕುಂಕುಮ ಇಟ್ಟರು.
ಔಷಧಿ ಹೊಡೆಯುವ ಹುಡುಗ ಚಪ್ಪಲಿ ಬಿಟ್ಟು
ದೂರದಿಂದಲೇ ಬಳಸಿ ಹೋದ.
ಸುಳ್ಳಲ್ಲವಾ ಇದು, ಅಂದೆ.
“ನಾವೇನಾದ್ರೂ ಹೇಳಿದ್ವಾ?” ಅಂದರು.

ಹತ್ತೂವರೆಗೆ ತ್ರೀಫೇಸು ಬಂತು,
ಸಿದ್ದಲಿಂಗು ಮೋಟ್ರು ಹಾಕಲು ಓಡಿದ.
ನಾಲ್ವರಾದೆವು. ನಾಲೆಯ ನೀರಿನ ಸದ್ದು ಹತ್ತಿರವಾಯಿತು.
ಆಗ ಚಿಕ್ಕತಾಯಮ್ಮ ಕೇಳಿದರು, ತಿಂಗಳು ತಿಂಗಳೂ ಕೇಳುವಂತೆ:
“ನಮ್ದು ಬಂತಾ?”

ನಮ್ಮದು ಅಂದರೆ ರೇಷ್ಮೆಯದು.
ನರಸೀಪುರದಲ್ಲಿ ನೂಲು ತೆಗೆಯುತ್ತಾ ಇಪ್ಪತ್ತಾರು ವರ್ಷ
ಕುದಿನೀರಿಗೆ ಅದ್ದಿದ ಕೈ ಅದು.
ಗೆರೆ ಅಳಿಸಿಹೋದ ಆ ಬೆರಳನ್ನು ಒತ್ತಿಸಿಕೊಂಡು
ರೇಷನ್ ಅಂಗಡಿಯ ಯಂತ್ರ
ಅವರನ್ನು ಅವರೆಂದು ಒಪ್ಪುವುದಿಲ್ಲ.
ಗೂಡಿನ ಎಳೆಯ ತುದಿಯನ್ನು ಮಾತ್ರ
ಕತ್ತಲಲ್ಲೂ ಹುಡುಕುತ್ತವಂತೆ ಅವು.
ಎಷ್ಟು ಬೇಯಿಸಿರಬಹುದು ಅಜ್ಜಿ, ಎಂದಿದ್ದಳು ಜಬೀನಾ ಒಮ್ಮೆ.
“ಕೆಜಿ ಲೆಕ್ಕ ಇತ್ತು ಕಣವ್ವ. ತಲೆ ಲೆಕ್ಕ ಇರ್ಲಿಲ್ಲ.”

ಅದು ಹಾರುವುದಿಲ್ಲವೆಂದು ನಮಗಿಂತ ಅವರಿಗೇ ಗೊತ್ತು.
ರೆಕ್ಕೆ ಇದೆ, ಮರೆತಿದೆ.
ಬೆಳಕು ಕಂಡರೂ ಚಂದ್ರಂಕಿಯ ಮೇಲೇ ನಡುಗುತ್ತಾ ಕೂರುತ್ತದೆ.
ಆದರೆ ಸರ್ವೆಯ ನಿಯಮ ಹೇಳಿಕೊಟ್ಟವಳು ನಾನೇ:
ಬಂದದ್ದನ್ನಷ್ಟೇ ಬರೆದರೆ ಸಾಲದು,
ಹುಡುಕಿ ಸಿಗದ್ದನ್ನೂ ಬರೆಯಬೇಕು.
ಹಾಗಾಗಿ ಒಂದು ಕೊನೆಯ ಸಾಲು.
ಹತ್ತೊಂಬತ್ತು ತಿಂಗಳಿಂದ
ರೇಷ್ಮೆ: ಸೊನ್ನೆ.
ಸೊನ್ನೆಯನ್ನು ಅವರೇ ಹಾಕುತ್ತಾರೆ,
ಪೆನ್ನು ಜಾರುವ ಬೆರಳಲ್ಲಿ, ನಿಧಾನಕ್ಕೆ,
ಗೂಡಿನ ಹಾಗೆ ತುಸು ಉದ್ದವಾಗಿ.

ನಾಲ್ಕಕ್ಕೆ ಬಲ್ಬು ಆರಿಸಬೇಕು,
ತಡವಾದರೆ ಕಾಜಾಣಕ್ಕೆ ಹಬ್ಬ.
ಪಂಚೆ ಒದರುವಂತಿಲ್ಲ; ಚಿಕ್ಕತಾಯಮ್ಮ
ಒಂದೊಂದೇ ಮಡಿಕೆ ಬಿಡಿಸಿ ಮೆಲ್ಲಗೆ ಊದುತ್ತಾರೆ.
ರಾಗಿಹೊಟ್ಟು ಎದ್ದಿತು. ನಾಲ್ಕಾಣೆ ಎದ್ದಿತು.
ಒಂದು ಮಾತ್ರ ಅವರ ಮೊಣಕೈ ಬಿಟ್ಟು ಏಳಲೊಲ್ಲದು.
“ಇದ್ಯಾವ್ದೇ, ಬರ್ದಿದ್ಯಾ?”

ಬರೆದಿರಲಿಲ್ಲ.
ರಿಜಿಸ್ಟರು ಆಗಲೇ ಚೀಲ ಸೇರಿತ್ತು.
ಲೂರ್ದು ಮತ್ತೆ ಟಾರ್ಚು ಹಿಡಿದ.