ಅಗಸೆನಾರಿನ ಪಟ್ಟಿ

ಗೋಲುಕಂಬದ ಮೇಲಿನ ಅಡ್ಡಮರ
ರಾತ್ರಿಯ ಗಾಳಿಗೆ ಮುರಿದಿತ್ತಂತೆ.
ಬೆಳಗ್ಗೆ ಆರಕ್ಕೆ ಗಿರಣಿಯ ಗೇಟಿಗೇ ಬಂದ ಅಣ್ಣ:
'ಲೆಟ್ಟಿ, ಎಂಟು ಗಜ ಪಟ್ಟಿ ಬೇಕು. ಬಿಳಿಯದು.'
ಎಂಟು ಗಜ, ಗಂಟಿಗೆಂದು ಮೇಲೊಂದು ಮೊಳ,
ಲಂಗದೊಳಗೆ ಸೊಂಟಕ್ಕೆ ಸುತ್ತಿಕೊಂಡು
ಮಧ್ಯಾಹ್ನದ ಕೂಗಿಗೆ ಹೊರಬಿದ್ದೆ.
ವಾರವೆಲ್ಲ ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತ ಪಾದಕ್ಕೆ
ಶನಿವಾರದ ಬೂಟು ಕಚ್ಚುತ್ತಿತ್ತು.

ಬೆಲ್‌ಫಾಸ್ಟಿನ ಮೈದಾನದಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ, ಪುಕ್ಕಟೆ.
ನಮ್ಮನ್ನು ಲೆಕ್ಕಕ್ಕೆ ಹಿಡಿಯದಿರುವುದಕ್ಕೆ
ಮರ್ಯಾದೆ ಎಂದೂ ಒಂದು ಹೆಸರುಂಟು.
ಹಗ್ಗದಾಚೆ ನಿಂತೆ, ನನ್ನ ಪಟ್ಟಿ ಬಿಗಿದ ಕಂಬದ ಪಕ್ಕದಲ್ಲೇ.

ನಾಲ್ಕು ನೆರೆನಾಡು, ಒಂದೇ ಪಂದ್ಯಾವಳಿ.
ಮೊದಲು ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ಕಾನೂನು,
ಚೆಂಡಿನ ಗಾತ್ರಕ್ಕೂ ಜಗಳ, ಎಸೆಯುವ ಕೈಗೂ ಜಗಳ.
ಎಲ್ಲೋ ಮೇಜಿನ ಸುತ್ತ ಕೂತು ಗಡ್ಡದವರು ರಾಜಿಯಾದರು.
'ಬೇರೆ ಯಾವುದಕ್ಕೂ ಆಗದ ರಾಜಿ ಚೆಂಡಿಗೆ ಆಯಿತು'
ಎಂದು ಅಪ್ಪ ಪೈಪು ಕುಟ್ಟುತ್ತ ನಕ್ಕಿದ್ದ.

ಸ್ಕಾಟರು ರಾತ್ರಿಯ ಹಡಗಲ್ಲಿ ಬಂದವರು,
ಮುಖವೆಲ್ಲ ಹಸಿರು, ವಾಂತಿಯ ವಾಸನೆ ಇನ್ನೂ ಕೋಟಿನಲ್ಲಿ.
ಗೆದ್ದೆವು ಅಂದುಕೊಂಡೆವು.
ಆಮೇಲೆ ಅವರು ಆಡತೊಡಗಿದರು.

ನಮ್ಮ ಹುಡುಗರದು ಒಂಟಿ ಓಟ,
ತಲೆ ತಗ್ಗಿಸಿ, ಚೆಂಡು ಕಾಲಿಗೆ ಅಂಟಿಸಿಕೊಂಡು,
ಬೀಳುವ ತನಕ.
ಅವರು ಹಾಗಲ್ಲ. ಇವನಿಂದ ಅವನಿಗೆ, ಅವನಿಂದ ಮತ್ತೊಬ್ಬನಿಗೆ,
ಲಾಳಿ. ಥೇಟ್ ಲಾಳಿ.
ನಮ್ಮ ಹನ್ನೊಂದು ಮಂದಿ ಹಾಸು, ಅವರ ಚೆಂಡು ಹೊಕ್ಕು.
ನೂಲುವವಳು ನಾನು, ಒಳ್ಳೆಯ ನೇಯ್ಗೆ ಕಂಡರೆ
ಕಣ್ಣು ತಾನಾಗಿ ಹೋಗುತ್ತದೆ.
ದೇವರು ಕ್ಷಮಿಸಲಿ,
ನಾಲ್ಕನೆಯದಕ್ಕೆ ಚಪ್ಪಾಳೆ ಹೊಡೆದುಬಿಟ್ಟೆ.

ಗೋಲಿನ ಬಾಯಲ್ಲಿ ನಮ್ಮ ಹ್ಯೂ.
ಹಗ್ಗದ ಕಾರ್ಖಾನೆಯ ಕೈ ಅವನದು,
ಸೆಣಬು ಹೊಸೆದು ಹೊಸೆದು ತೊಗಟೆಯಾದ ಅಂಗೈ.
ಪ್ರತಿ ಸಲ ಕೆಸರಿನಿಂದ ಚೆಂಡು ಎತ್ತಿ
ಅಂಗಿಗೆ ಒರೆಸಿ ಕೊಡುತ್ತಿದ್ದ,
ಸಾಲ ತೀರಿಸುವವನ ಹಾಗೆ.

ಅರ್ಧ ಆಟಕ್ಕೆ ದಿಕ್ಕು ಬದಲಾಯಿತು.
ಪಟ್ಟಿಯ ಕೆಳಗೆ ಈಗ ಸ್ಕಾಟರ ಗೋಲಿ,
ಮಾಡಲು ಕೆಲಸವಿಲ್ಲದೆ ಕೈ ಕಟ್ಟಿ ನಿಂತವನು,
ನನ್ನತ್ತ ಕಣ್ಣು ಮಿಟುಕಿಸಿದ.
ಆ ತುದಿಯಲ್ಲಿ ಆರು. ಏಳು.
ಎಂಟು.

ಮಸುಕು ಬೆಳಕಲ್ಲಿ ಡನ್‌ವುಡಿ, ಗ್ಯಾಸ್ ಕಂಪನಿಯ ಗುಮಾಸ್ತ,
ಬಿದ್ದವನು ಬಿದ್ದಲ್ಲಿಂದಲೇ ಒದ್ದ.
ಪಟ್ಟಿ ನಡುಗಿತು.
ಮೇಲೋ? ಕೆಳಗೋ?
ನಮ್ಮ ಅಂಪೈರು ಕೋಲೆತ್ತಿದ, ಅವರ ಅಂಪೈರು ತಲೆಯಾಡಿಸಿದ,
ರೆಫರಿ ಗಡಿಯಾರ ನೋಡಿದ.
ಕೊನೆಗೆ ಅವರಾತ, ದಪ್ಪ ಮೀಸೆಯ ಮಿಸ್ಟರ್ ಗಿಲ್‌ಕ್ರೈಸ್ಟ್,
ನಕ್ಕು ಕೈ ಬೀಸಿದ:
'ಹೋಗಲಿ ಬಿಡಿ. ಪಾಪ, ಒಂದಿರಲಿ.'

ಎಂಟಕ್ಕೆ ಒಂದು. ಟೋಪಿಗಳು ಹಾರಿದವು.

ರಾತ್ರಿ ಹ್ಯೂ ತಟ್ಟೆ ಮುಟ್ಟಲಿಲ್ಲ.
'ಎಂಟು ಬಿಟ್ಟದ್ದಕ್ಕೆ ಬೇಸರವಿಲ್ಲ, ಲೆಟ್ಟಿ.
ಆ ಒಂದನ್ನು ಭಿಕ್ಷೆ ಹಾಕಿಸಿಕೊಂಡೆವಲ್ಲ.'

ಪಟ್ಟಿ ಬಿಚ್ಚಿ ತಂದಿದ್ದೆ,
ತೊಳೆದು ಸೋಮವಾರ ಗಿರಣಿಗೆ ಮರಳಿಸಬೇಕು.
ಕುರ್ಚಿಗೂ ಬಾಗಿಲ ಚಿಲಕಕ್ಕೂ ಬಿಗಿದು ಕಟ್ಟಿ
ಅವನ ತಟ್ಟೆಯ ಆಲೂಗಡ್ಡೆಯನ್ನೇ ಎತ್ತಿ ಎಸೆದೆ.
ಮೇಲೆ ಸವರಿದರೆ ಪಟ್ಟಿ ಕುಗ್ಗುತ್ತದೆ, ನೋಡು.
ಕೆಳಗೆ ಸವರಿದರೆ ಹುಬ್ಬಿನ ಹಾಗೆ ಏರುತ್ತದೆ.
ಅದು ಏರಿತು, ಹ್ಯೂ.
ನಾನು ನೂತ ನೂಲು ಹೇಗೆ ಬೆಚ್ಚುತ್ತದೆಂದು ನನಗೆ ಗೊತ್ತಿಲ್ಲವೇ?
ಯಾರೂ ಕೊಟ್ಟದ್ದಲ್ಲ ಅದು. ನಮ್ಮದೇ.

'ಅಲ್ಲೇ ಹೇಳಬಾರದಿತ್ತೇ?'

'ಕೇಳಿದವರು ಯಾರು?'

ಒಲೆ ಚಟಪಟ ಅಂದಿತು. ಅವನು ಎದ್ದ.
ಗೋಡೆಯ ಬುಡಕ್ಕೆ ಉರುಳಿದ ಆಲೂಗಡ್ಡೆ ಹುಡುಕಿ
ಅಂಗಿಗೆ ಒರೆಸಿ
ನನ್ನ ಕೈಗಿಟ್ಟು
'ಇನ್ನೊಂದು ಸಲ' ಎಂದ.