ಚೀಲದ ಹಿಂಬದಿ

ಟೂವೂಂಬಾದ ಕಾಳಿನಂಗಡಿಯಲ್ಲಿ ಶನಿವಾರ ಬೆಳಿಗ್ಗೆ
ಚೀಲ ಹೊರಳಿಸಿ ಹಿಂಬದಿಯ ಸಣ್ಣಕ್ಷರ ಓದುತ್ತೇನೆ.
ಮುಂಬದಿಯಲ್ಲಿರುವುದು ಬರೀ ನಗುವ ಕೋಳಿ.
ಗೋಧಿ, ಜೋಳ, ಸೋಯಾ ಹಿಂಡಿ, ಸುಣ್ಣದ ಪುಡಿ, ಉಪ್ಪು,
ಆಮೇಲೆ, ಮಡಿಕೆ ಬಿದ್ದಲ್ಲಿ, ಅರ್ಧ ಅಳಿಸಿದಂತೆ:
ಮಾಂಸದ ಪುಡಿ.

ಯಾವುದರ ಮಾಂಸ, ಕೇಳಿದೆ.
ಗಲ್ಲಾದಲ್ಲಿದ್ದ ಬ್ರೋಡಿ ಭುಜ ಹಾರಿಸಿದಳು:
‘ದನದ್ದೋ, ಕುರಿಯದ್ದೋ, ಸಿಕ್ಕಿದ್ದು.
ಕೋಳಿಗೇನೂ ಗೊತ್ತಾಗಲ್ಲ ಬಿಡಿ.’
ಅಂಗಿಯೊಳಗೆ ಕೊರಳ ಕರಡಿಗೆ
ಒಮ್ಮೆ ಅಲುಗಿದಂತಾಯಿತು.

ಅದಿಲ್ಲದ ಚೀಲಕ್ಕೆ ಒಂಬತ್ತು ಡಾಲರು ಹೆಚ್ಚು.
ಒಂಬತ್ತು!
ನಾನೇ ಬೆರೆಸುತ್ತೇನೆ ಅಂದುಕೊಂಡೆ.

ಗ್ಯಾರೇಜಿನ ನೆಲಕ್ಕೆ ತಾಡಪಾಲು ಹಾಸಿ
ನೀಲಾ ಕೂಸಾಗಿದ್ದಾಗ ಮೀಯುತ್ತಿದ್ದ ಟಬ್ಬಿನಲ್ಲಿ
ಎರಡು ಪಾಲು ಗೋಧಿ,
ಒಂದು ಪಾಲು ನುಚ್ಚಾದ ಮೆಕ್ಕೆಜೋಳ.
‘ಅದಕ್ಕಿಂತ ಹೆಚ್ಚು ಬೇಡ’ ಅಂದ
ಬೇಲಿಗೆ ಮೊಣಕೈ ಊರಿ ನೆರೆಮನೆಯ ಮರ್ವಿನ್,
ನಲವತ್ತು ವರ್ಷ ಧಾನ್ಯದ ಲಾರಿ ಓಡಿಸಿದವನು.
‘ಕೋಳಿಗೆ ಅದು ಮಿಠಾಯಿ ಇದ್ದ ಹಾಗೆ.
ಮೊಟ್ಟೆಯ ಹಳದಿಗೆ ಬಣ್ಣವೇನೋ ಬರುತ್ತದೆ,
ಒಳಗೊಳಗೆ ಬೊಜ್ಜು ಕಟ್ಟಿ
ಒಂದು ದಿನ ಗೂಡಲ್ಲಿ ಸುಮ್ಮನೆ ಬಿದ್ದಿರುತ್ತದೆ.’
ಹೇಳುತ್ತ ತನ್ನದೇ ಹೊಟ್ಟೆ ಸವರಿಕೊಂಡ.

ಜೋಳದ ಮುಂದೆ ತುಸು ಹೊತ್ತು ನಿಂತಿದ್ದೆ, ಅಂಗಡಿಯಲ್ಲಿ.
ಕೆಂಪು ಜೋಳ, ಇಪ್ಪತ್ತು ಕಿಲೋ.
‘ಹಕ್ಕಿಗಳಿಗೆ ಮತ್ತು ದನಗಳಿಗೆ’ ಎಂದು ಬರೆದಿತ್ತು.
ಮನುಷ್ಯರೂ ತಿನ್ನುತ್ತಾರೆ, ಅಂದೆ.
ನನ್ನ ಇಂಗ್ಲಿಷು ತಪ್ಪಿತೆಂದು ಬ್ರೋಡಿ ಮೆತ್ತಗೆ ನಕ್ಕಳು.
ಮನೆಗೆ ತಂದು ಒಂದು ಬೊಗಸೆ ಮಿಕ್ಸಿಗೆ ಹಾಕಿದೆ,
ಬಿಸಿನೀರು ಹೊಯ್ದು ನಾದಿದೆ, ತಟ್ಟಿದೆ,
ಅಂಚು ಹಿಡಿದೆತ್ತಿದರೆ ಮೂರು ತುಂಡು.
ಜಿಗಿ ಇಲ್ಲ.
ಸರಿ, ಹಕ್ಕಿಗಳಿಗೇ ಇರಲಿ.

ಮಾಂಸದ ಬದಲಿಗೆ ಬಟಾಣಿ ಬೇಳೆ, ಸೂರ್ಯಕಾಂತಿ ಬೀಜ.
ಸೇಂಗಾ ಹಿಂಡಿ ಕೇಳಿದ್ದಕ್ಕೆ
ಬ್ರೋಡಿ ಕಂಪ್ಯೂಟರಿನಲ್ಲಿ ಹುಡುಕಿ ತಲೆಯಾಡಿಸಿದಳು.
ತೊಗಟೆ ಗಟ್ಟಿಯಾಗಲಿ ಎಂದು ಕಪ್ಪೆಚಿಪ್ಪಿನ ಚೂರು.
ಕಪ್ಪೆಚಿಪ್ಪು ಮಾಂಸವಾಯಿತೇ?
ಅದನ್ನು ಯೋಚಿಸಬಾರದೆಂದು ಗಟ್ಟಿ ಮನಸ್ಸು ಮಾಡಿದೆ.

ಕೊನೆಗೆ ರಸೀದಿ ಕೂಡಿಸಿದರೆ
ಒಂಬತ್ತು ಡಾಲರು ಉಳಿಸಲು ಹೋಗಿ ಹನ್ನೊಂದು ಕಳೆದಿದ್ದೆ.

ನನ್ನ ಕೋಳಿಗಳು ಮೂರು.
ಸಂಕವ್ವ, ಡಚೆಸ್; ಇನ್ನೊಂದಕ್ಕೆ ಹೆಸರಿಡಬೇಕು.
ಸಂಕವ್ವ ಮೊದಲು ಮೆಕ್ಕೆಜೋಳ ಆರಿಸುತ್ತಾಳೆ,
ಹಳದಿ ಮುಗಿದ ಮೇಲೆ ಗೋಧಿ,
ಬಟಾಣಿಯನ್ನು ಬೇರೆಯವರಿಗೆ ಬಿಡುತ್ತಾಳೆ,
ಉಳಿದದ್ದನ್ನು ಕೆದರಿ ಕೆದರಿ ಟಬ್ಬಿನಾಚೆ ಹಾರಿಸುತ್ತಾಳೆ.
‘ಅಲ್ಲ ಸಂಕವ್ವಾ, ಜ್ವಾಳಕ್ಕ ಕಾಲ್ಲೇ ಒದೀತೀಯಲ್ಲ,
ಏನು ಕಾಲ ಬಂತವ್ವಾ’ ಅಂತೀನಿ.
ಅವಳು ಕತ್ತು ಓರೆ ಮಾಡಿ
ಒಂದೇ ಕಣ್ಣಲ್ಲಿ ನನ್ನನ್ನು ನೋಡುತ್ತಾಳೆ.

ಮೊನ್ನೆ ಸಂಜೆ ಮಗ್ಗಿನಲ್ಲಿ ಕಾಳು ತುಂಬಿಕೊಂಡು ಹೋದೆ.
ನೀರಿನ ಟ್ಯಾಂಕಿನ ಬುಡದಿಂದ ಏನೋ ಮಿಂಚಿತು,
ಸಂಕವ್ವ ಓಡಿದಳು, ರೆಕ್ಕೆ ಬಿಚ್ಚಿ, ಲಂಗ ಎತ್ತಿ ಓಡುವ ಹೆಂಗಸಿನ ಹಾಗೆ.
ಕೊಕ್ಕಿನಲ್ಲಿ ಹಾವುರಾಣಿ.
ಹಿಂದೆ ಡಚೆಸ್, ಅದರ ಹಿಂದೆ ಹೆಸರಿಲ್ಲದ್ದು,
ನಿಂಬೆಗಿಡಕ್ಕೆ ಎರಡು ಸುತ್ತು.
ನೆಲಕ್ಕೆ ಬಡಿದಳು, ಮತ್ತೊಮ್ಮೆ ಬಡಿದಳು,
ಕತ್ತು ಉದ್ದ ಮಾಡಿ ನುಂಗಿದಳು.
ಬಾಲ ಮಾತ್ರ ಸಿಮೆಂಟಿನ ಮೇಲೆ
ತನ್ನಷ್ಟಕ್ಕೆ ಕುಣಿಯುತ್ತಿತ್ತು.
ಆಮೇಲೆ ನಾನು ತೊಳೆದಿಟ್ಟ ಟಬ್ಬಿನ ಅಂಚಿಗೆ
ಕೊಕ್ಕು ಒರೆಸಿಕೊಂಡಳು, ಎಡಕ್ಕೆ, ಬಲಕ್ಕೆ,
ಊಟ ಮುಗಿಸಿದ ಗೌಡತಿಯಂತೆ.

ಮರ್ವಿನ್ ಬೇಲಿಯಾಚೆ ಇದ್ದ, ಎಲ್ಲ ನೋಡಿದ್ದ.
ಆಕಾಶಕ್ಕೆ ಮುಖ ಮಾಡಿ
‘ಮಳೆ ಬರಬಹುದು ಅಲ್ಲವೇ’ ಅಂದ.
ಒಂದು ಮೋಡವೂ ಇರಲಿಲ್ಲ.

ಬೆಳಿಗ್ಗೆ ಗೂಡಿನಲ್ಲಿ ಕೈಬೆಚ್ಚಗಿನ ಮೊಟ್ಟೆ.
ನಾನು ತಿನ್ನುವವಳಲ್ಲ, ನೀಲಾಗೆ ಒಡೆದು ಹಾಕಿದೆ.
ಬಾಣಲೆಯಲ್ಲಿ ಚೆಂಡುಹೂವಿನ ಬಣ್ಣ ಹರಡಿಕೊಂಡಿತು.
‘ಅಬ್ಬಾ, ಇಷ್ಟು ಹಳದಿ ಯಾವುದರಿಂದ ಅಮ್ಮಾ?’

ಮೆಕ್ಕೆಜೋಳದಿಂದ, ಅಂದೆ.
ಸಣ್ಣಕ್ಷರ ಓದಲಿಲ್ಲ.