‘ಮೊದಲು’ ಎಂಬ ಕಾಲಂ

ಇನ್ನೂರ ಹದಿನಾಲ್ಕು ಪ್ರಬಂಧ.
ಮಾರ್ಚಿನಿಂದ ಓದುತ್ತಿದ್ದೇನೆ ಹಿಲ್ಡೆಸ್‌ಹೈಮಿನ ಮೂರನೇ ಮಹಡಿಯಲ್ಲಿ,
ಹೀಟರಿನ ಮೇಲೆ ಒದ್ದೆ ಕೈಗವಸು ಒಣಹಾಕಿ.
ಜಲ್ಲಿಗೆಂದು ಗುಡ್ಡ ಒಡೆದಲ್ಲಿ ಜೀವ ಏನಾಯಿತು?
ಇಷ್ಟೇ ಪ್ರಶ್ನೆ.
ಉತ್ತರಕ್ಕೆ ಇಲಾಖೆ ಒಂದು ಕೋಷ್ಟಕ ಕೊಟ್ಟಿದೆ:
ಜಾಗ, ಕಲ್ಲಿನ ಬಗೆ, ಎಣಿಸಿದ ಜೀವಿ,
ಮೊದಲು, ಆಮೇಲೆ.

‘ಆಮೇಲೆ’ ತುಂಬಿ ತುಳುಕುತ್ತಿದೆ.
ಕೈಬಿಟ್ಟ ಗಣಿಯಲ್ಲಿ ಆರ್ಕಿಡ್, ನೀಲಿ ರೆಕ್ಕೆಯ ಮಿಡತೆ,
ಸಿಡಿಮದ್ದಿನ ತೂತಿನ ಪಕ್ಕದಲ್ಲೇ ಸಂಸಾರ ಹೂಡಿದ ಕೊಂಬಿನ ಗೂಬೆ,
ಅದರ ಮರಿಗಳ ತೂಕ, ಗ್ರಾಮಿನಲ್ಲಿ.
‘ಮೊದಲು’ ಖಾಲಿ.
ಮದ್ದಿಡುವ ಮುಂಚೆ ಬಂದು ಎಣಿಸಿದ್ದು ಹನ್ನೊಂದು ಪ್ರಬಂಧ.
ಮಿಕ್ಕವರೆಲ್ಲ ಹೆಣ ಎತ್ತಿದ ಮೇಲೆ ಬಂದ ನೆಂಟರು,
ಅಂಗಳದ ಹೂ ನೋಡಿ
ಎಷ್ಟು ಚೆನ್ನಾಗಿ ಬಿಟ್ಟಿದೆ ಎನ್ನುವವರು.

ಈ ಸಾಲು ಕಡುವಾಯಿತು. ಹೊಡೆದುಹಾಕಿ
ವರದಿಯಲ್ಲಿ ಬರೆದೆ: ‘ಪುರಾವೆ ಸಾಲದು.’

ಗುರುವಾರ ವೇಸರ್ ದಂಡೆಯ ಗಣಿಗೆ ಹೋದೆ.
ಸುಣ್ಣಕಲ್ಲಿನ ಧೂಳು, ನಾಲಿಗೆಯ ಮೇಲೂ.
ಲೋಡರ್ ಓಡಿಸುವ ಎಶ್ರೆಫ್ ಎಂಜಿನ್ ನಿಲ್ಲಿಸಿ ಇಳಿದ,
ಬೂಟಿನ ತುದಿಯಿಂದ ಒಂದು ಗುಂಡಿ ತೋರಿಸಿದ.
ಅವನದೇ ಚಕ್ರ ಅಗೆದದ್ದು. ಗೇಣುದ್ದ ನೀರು, ಚಹಾದ ಬಣ್ಣ,
ಅದರಲ್ಲಿ ಹಳದಿ ಹೊಟ್ಟೆಯ ಕಪ್ಪೆ,
ಹೃದಯದಾಕಾರದ ಕಣ್ಣಪಾಪೆ.
ಮುಟ್ಟಿದರೆ ಬೆನ್ನು ಬಿಲ್ಲಾಗಿಸಿ
ನನ್ನಲ್ಲಿ ವಿಷವಿದೆ, ಹುಷಾರ್ ಎಂದು
ನಾಣ್ಯದಷ್ಟಗಲ ಜಾಗದಲ್ಲಿ ಗದರಿಸುವುದು.

ನಮ್ಮ ಹುಡುಗರು ಪ್ರತಿಯೊಂದರ ಹೊಟ್ಟೆಯ ಚಿತ್ರ ತೆಗೆದಿದ್ದಾರೆ,
ಒಂದರ ಮಚ್ಚೆ ಇನ್ನೊಂದಕ್ಕಿಲ್ಲ, ಹೆಬ್ಬೆಟ್ಟಿನ ಹಾಗೆ.
ತೂಕವನ್ನೂ ಹಾಕಿದರು.
ಕಪ್ಪೆಯನ್ನು ತಕ್ಕಡಿಗೆ ಹಾಕಿದ ಗಾದೆ ಬಲ್ಲವರಿಗೆ
ಮುಂದಿನದನ್ನು ಹೇಳಬೇಕಾಗಿಲ್ಲ.
ಎಶ್ರೆಫ್‌ಗೆ ಆಲ್ಬಮ್ ಬೇಕಿಲ್ಲ.
‘ಇವಳು ಹೋದ ವರ್ಷ ಕ್ರಷರಿನ ಹತ್ತಿರ ಇದ್ದಳು.
ಇವಳ ಹೊಟ್ಟೆಯ ಮೇಲೆ ನಮ್ಮ ಸಾನಾ ಹೊಳೆಯ ತಿರುವಿದೆ ನೋಡಿ.’

ಏಪ್ರಿಲಿನಿಂದ ಸೆಪ್ಟೆಂಬರ್ ಆ ದಾರಿಯಲ್ಲಿ ಲಾರಿ ಬಿಡುವುದಿಲ್ಲ,
ಚಳಿಗಾಲಕ್ಕೆ ತಪ್ಪದೆ ಬಿಡುತ್ತಾನೆ.
ಲಾರಿ ಓಡದಿದ್ದರೆ ಗುಂಡಿಯಲ್ಲಿ ಹುಲ್ಲು ಬೆಳೆಯುತ್ತದೆ,
ಹುಲ್ಲು ಬೆಳೆದರೆ ಕಪ್ಪೆ ಹೋಗುತ್ತದೆ.
ಮುಂದಿನ ವರ್ಷ ಗಣಿ ಮುಚ್ಚುತ್ತಾರೆ.
ಸಸಿ ನೆಡುತ್ತಾರೆ, ಫಲಕ ಹಾಕುತ್ತಾರೆ,
ಮೇಯರ್ ಬರುತ್ತಾರೆ.
ಕೊಲ್ಲುವ ಕೈಯೇ ತೊಟ್ಟಿಲು ತೂಗುತ್ತದೆ ಎಂದು
ಹೇಗೆ ಬರೆಯಲಿ ವರದಿಯಲ್ಲಿ?
ಕಂಪನಿಯವರು ಅದನ್ನೇ ಕತ್ತರಿಸಿ ಬ್ರೋಷರಿಗೆ ಅಂಟಿಸುತ್ತಾರೆ,
ಮೊದಲರ್ಧ ಬಿಟ್ಟು.

‘ಈ ಗಣಿಗೆ ಮುಂಚೆ ಇವೆಲ್ಲ ಎಲ್ಲಿದ್ದವು?’ ಕೇಳಿದೆ.

ಅವನು ಬಂದದ್ದು ತೊಂಬತ್ತೆರಡರಲ್ಲಿ, ಬೋಸ್ನಿಯಾದಿಂದ,
ಒಂದು ಚೀಲ, ಒಬ್ಬ ತಂಗಿ.
ಅವನ ಊರಿನಲ್ಲಿ ಮೊದಲು ಎಷ್ಟು ಮನೆ ಎಂದು
ನಾನು ಯಾವತ್ತೂ ಕೇಳಿಲ್ಲ. ಅವನೂ ಹೇಳಿಲ್ಲ.
ಕೆಳಗೆ ಕೈ ತೋರಿಸಿದ:
ಅಲ್ಲಿ ವೇಸರ್, ಕಲ್ಲು ಕಟ್ಟಿದ ಎರಡು ದಡದ ನಡುವೆ
ಇಸ್ತ್ರಿ ಮಾಡಿದ ಷರಟಿನಂತೆ.
‘ಹೊಳೆಗೆ ನೆಟ್ಟಗೆ ಹರಿಯಲು ಬರುವುದಿಲ್ಲ, ಮೇಡಂ.
ಉಕ್ಕುತ್ತದೆ, ಹೊಲಕ್ಕೆ ನುಗ್ಗುತ್ತದೆ, ಹೋಗುವಾಗ ಗುಂಡಿ ಬಿಟ್ಟುಹೋಗುತ್ತದೆ.
ನಮ್ಮ ಕಡೆ ಈಗಲೂ.
ನೀವು ಅದನ್ನು ಕಟ್ಟಿಹಾಕಿದಿರಿ.
ನಾನು ಅದರ ಕೆಲಸ ಮಾಡುತ್ತಿದ್ದೇನೆ, ಗಂಟೆಯ ಲೆಕ್ಕದಲ್ಲಿ.’

ರಾತ್ರಿ ಮತ್ತೆ ಮೂರನೇ ಮಹಡಿ.
ಕಾಲ ಕೆಳಗಿನ ಕಾಂಕ್ರೀಟಿನಲ್ಲಿ ಯಾವ ಗುಡ್ಡವೋ.
ಪ್ರಬಂಧ ಇನ್ನೂರ ಹದಿನಾಲ್ಕು, ಕೊನೆಯ ಸಾಲು, ‘ಮೊದಲು’.
‘ಹೊಳೆ’ ಎಂದು ಬರೆದೆ.
ಚೌಕ ಕೆಂಪಾಯಿತು: ಅಂಕಿಗಳನ್ನು ಮಾತ್ರ ನಮೂದಿಸಿ.

ಒಂದು ಎಂದು ಒತ್ತಿದೆ.
ಒಪ್ಪಿಕೊಂಡಿತು.